ಸಮುದ್ರಮಟ್ಟದಿಂದ ನೆತ್ತಿಯವರೆಗೆ: ಗುಡ್ಡಳ್ಳಿ ಹತ್ತುವವರಿಗೆ

ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಂತು ಒಮ್ಮೆ ಸಮುದ್ರಕ್ಕೆ ಬೆನ್ನು ಹಾಕಿ ನೋಡಿ. ಪೇಟೆ ಮುಗಿಯಿತು ಅನ್ನುವಷ್ಟರಲ್ಲಿ ಗುಡ್ಡ ಶುರು. ನಡುವೆ ಬಯಲು ಅಂತ ಹೇಳುವಂಥದ್ದು ಏನೂ ಇಲ್ಲ. ಆ ಸಾಲಿನಲ್ಲೇ ಗುಡ್ಡಳ್ಳಿ ಇದೆ. ಕೆಳಗಿನಿಂದ ನೋಡಿದವರೆಲ್ಲ ‘ಇಷ್ಟೇನಾ?’ ಅನ್ನುತ್ತಾರೆ. ಮೊದಲ ಸಲ ನಾನೂ ಹಾಗೇ ಅಂದುಕೊಂಡಿದ್ದೆ.

ಲೆಕ್ಕ ತಪ್ಪುವುದು ಅಲ್ಲೇ. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಆದರೆ ಅಲ್ಲಿ ಗಾಡಿ ನೆತ್ತಿಯ ಹತ್ತಿರದವರೆಗೂ ಹೋಗುತ್ತದೆ, ಉಳಿದದ್ದು ಮೆಟ್ಟಿಲು. ನಮ್ಮ ಕರಾವಳಿಯ ಗುಡ್ಡಗಳು ಅದರ ಅರ್ಧದಷ್ಟೂ ಇಲ್ಲ. ಆದರೆ ಇಲ್ಲಿ ಹತ್ತುವುದು ಸಮುದ್ರಮಟ್ಟದಿಂದ. ಗುಡ್ಡ ಎಷ್ಟು ಎತ್ತರವೋ ಅಷ್ಟನ್ನೂ ಕಾಲಲ್ಲೇ ಅಳೆಯಬೇಕು. ಅದೂ ಕಡಲ ಸೆಕೆಯಲ್ಲಿ. ಮೈ ತಂಪಾಗುವುದು ಬೆವರು ಬಂದಾಗ ಅಲ್ಲ, ಬೆವರು ಆರಿದಾಗ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನ ಅಂಶ ತುಂಬಿರುತ್ತದೆ. ಹಾಗಾಗಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಮೈಯೊಳಗಿನ ಬಿಸಿ ಒಳಗೇ ಉಳಿಯುತ್ತದೆ. ನಮ್ಮ ಕಡೆ ಗುಡ್ಡ ಹತ್ತುವವರು ಸೋಲುವುದು ಎತ್ತರಕ್ಕಲ್ಲ, ಹೊತ್ತಿಗೆ. ತಡವಾಗಿ ಹೊರಟವರು ಅರ್ಧಕ್ಕೇ ಕೂರುತ್ತಾರೆ.

ನಾನು ಇದನ್ನು ಕಲಿತದ್ದು ಒಂದು ಮಾರ್ಚ್ ತಿಂಗಳಲ್ಲಿ. ನಾನು ಮತ್ತು ಭಾವ, ತಲೆಗೆ ಒಂದೊಂದು ಲೀಟರ್ ನೀರು. ತಿಂಡಿ ತಿಂದು ಹೊರಡುವಾಗ ಒಂಬತ್ತೂವರೆ. ಹನ್ನೊಂದರ ಹೊತ್ತಿಗೆ ನೀರು ಖಾಲಿ. ಭಾವನ ಮುಖ ಬಿಳುಚಿಕೊಂಡಿತು, ಮೀನಖಂಡ ಹಿಡಿದುಕೊಂಡಿತು, ‘ತಲೆ ತಿರುಗ್ತಾ ಇದೆ’ ಅಂದ. ಅದೇ ಹೊತ್ತಿಗೆ ಮೇಲಿನಿಂದ ಹಾಲಕ್ಕಿ ಒಕ್ಕಲಿಗರ ಒಬ್ಬ ಅಜ್ಜಿ ಇಳಿದು ಬಂದರು. ತಲೆಯ ಮೇಲೆ ಬುಟ್ಟಿ, ಕೊರಳ ತುಂಬ ಮಣಿಸರ. ಬುಟ್ಟಿ ಇಳಿಸಿ ಎರಡು ಎಳೆಸೌತೆಕಾಯಿ ಕೊಟ್ಟರು. ‘ತಮಾ, ಇಷ್ಟೊತ್ತಿಗೆ ಹತ್ತೂದಲ್ಲ, ಇಷ್ಟೊತ್ತಿಗೆ ಇಳಿಯೂದು’ ಅಂದರು. ಭಾವನನ್ನು ನೆರಳಲ್ಲಿ ಮಲಗಿಸಿ, ಕಾಲು ಎತ್ತರಕ್ಕಿಟ್ಟು, ಸೌತೆಕಾಯಿ ತಿನ್ನಿಸಿ, ಸುಧಾರಿಸಿದ ಮೇಲೆ ಕೆಳಗೆ ಬಂದೆವು. ಅವತ್ತು ನೆತ್ತಿ ಮುಟ್ಟಲಿಲ್ಲ. ಆ ಅಜ್ಜಿಯ ಮಾತನ್ನೇ ಇಟ್ಟುಕೊಂಡು ಆಮೇಲೆ ಎಷ್ಟೋ ಸಲ ಹತ್ತಿದ್ದೇನೆ. ಅವರಿಂದ ಕಲಿತದ್ದು, ಬಿದ್ದು ಎದ್ದು ಕಲಿತದ್ದು ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಗುಡ್ಡಳ್ಳಿಗೆ ಹೇಳಿದ್ದು ಜಿಲ್ಲೆಯ ಬೇರೆ ಗುಡ್ಡ, ಘಟ್ಟಗಳಿಗೂ ಬಹುಮಟ್ಟಿಗೆ ಸರಿಹೋಗುತ್ತದೆ.

ತಿಂಗಳು ಆರಿಸಿಕೊಳ್ಳುವುದು

ನವೆಂಬರ್ ನಡುವಿನಿಂದ ಫೆಬ್ರುವರಿ ನಡುವಿನವರೆಗೆ. ನನ್ನ ಮಟ್ಟಿಗೆ ಇದೇ ಕಾಲ. ಬೆಳಗಿನ ಹೊತ್ತು ತಂಪು, ಆಕಾಶ ಸ್ವಚ್ಛ, ದಾರಿಯ ಮಣ್ಣು ಗಟ್ಟಿ.

ಅಕ್ಟೋಬರ್‌ನಲ್ಲಿ ಗುಡ್ಡ ಹಸಿರಾಗಿ ಚೆಂದ ಕಾಣುತ್ತದೆ, ನಿಜ. ಆದರೆ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ಬರುವುದು ಜಾಸ್ತಿ. ಬೋಳು ನೆತ್ತಿಯ ಮೇಲೆ ನಿಂತಾಗ ಸಿಡಿಲು ಬಂದರೆ ಅಡಗಲು ಜಾಗವಿಲ್ಲ. ಹೋಗುವುದೇ ಆದರೆ ಮಧ್ಯಾಹ್ನಕ್ಕೆ ಮೊದಲೇ ಕೆಳಗೆ ಇರಬೇಕು. ಮಾರ್ಚ್ ನಂತರದ ಸೆಕೆಯ ಕಥೆ ಆಗಲೇ ಹೇಳಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಯವಿಟ್ಟು ಬೇಡ. ಮಳೆಗಾಲದ ಚಿತ್ರಗಳನ್ನು ನೋಡಿ ಆಸೆಯಾಗುತ್ತದೆ, ಗೊತ್ತು. ಆದರೆ ಚಿರೆಕಲ್ಲಿನ (ಜಂಬಿಟ್ಟಿಗೆ ಕಲ್ಲು) ಮೇಲೆ ಹಾವಸೆ ಕಟ್ಟಿದರೆ ಎಂಥ ಬೂಟೂ ನಿಲ್ಲುವುದಿಲ್ಲ. ಅದಕ್ಕಿಂತ ದೊಡ್ಡದು ಗುಡ್ಡ ಕುಸಿತ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಇಳಿದು ಗಂಗಾವಳಿ ನದಿಯವರೆಗೆ ಹೋಯಿತು. ರಸ್ತೆ ಪಕ್ಕ ಚಹಾ ಕುಡಿಯಲು ನಿಂತವರೂ ಉಳಿಯಲಿಲ್ಲ. ನೀರು ಕುಡಿದು ಭಾರವಾದ ಮಣ್ಣು ಯಾವ ಗಳಿಗೆಯಲ್ಲಿ ಜಾರುತ್ತದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಆ ನಾಲ್ಕು ತಿಂಗಳು ಗುಡ್ಡವನ್ನು ಅದರ ಪಾಡಿಗೆ ಬಿಡೋಣ.

ದಾರಿ ಕೇಳುವುದು, ಒಪ್ಪಿಗೆ ಕೇಳುವುದು

ಗುಡ್ಡಳ್ಳಿ ಬರಿಯ ಶಿಖರವಲ್ಲ, ಊರು. ಮೇಲೆ ಹಾಲಕ್ಕಿ ಒಕ್ಕಲಿಗರ ಮನೆಗಳಿವೆ, ಬೇಸಾಯವಿದೆ. ನಾವು ಚಾರಣ ಎಂದು ಹತ್ತುವ ದಾರಿ ಅವರಿಗೆ ಪೇಟೆಗೆ ಹೋಗಿಬರುವ ದಾರಿ. ಕಾಯಿಲೆ ಬಿದ್ದವರನ್ನು ಜೋಲಿ ಕಟ್ಟಿ ಹೊತ್ತು ಇಳಿಸಿದ ದಾರಿಯೂ ಹೌದು. ಹಾಗಾಗಿ ದಾರಿ ಕೇಳಬೇಕಾದದ್ದು ಮೊಬೈಲನ್ನಲ್ಲ, ಅವರನ್ನು. ಬೆಳಿಗ್ಗೆ ತರಕಾರಿ ಮಾರಲು ಕೆಳಗೆ ಬಂದವರನ್ನು ಸಂತೆಯಲ್ಲೇ ಮಾತಾಡಿಸಿದರೆ ಈ ವರ್ಷ ಯಾವ ದಾರಿ ಸವೆದಿದೆ, ಎಲ್ಲಿ ಮರ ಬಿದ್ದಿದೆ, ಎಲ್ಲಿ ಹೊಸ ರಸ್ತೆ ಕಡಿದಿದ್ದಾರೆ ಎಲ್ಲವನ್ನೂ ಹೇಳುತ್ತಾರೆ. ಮೊದಲ ಸಲ ಹೋಗುವವರು ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅವರ ಅರ್ಧ ದಿನದ ಕೂಲಿಗೆ ಕಡಿಮೆಯಾಗದಂತೆ ದುಡ್ಡು ಕೊಡಿ. ಇದನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ, ಇಳಿದ ಮೇಲೆ ಚೌಕಾಸಿ ಬೇಡ.

ಕಾಡಿನ ದಾರಿ ಎಂದ ಮೇಲೆ ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲೂ ಒಮ್ಮೆ ವಿಚಾರಿಸಿ. ರಾಜ್ಯದ ಹಲವು ಚಾರಣ ದಾರಿಗಳಿಗೆ ಈಗ ಆನ್‌ಲೈನ್‌ನಲ್ಲೇ ಬುಕಿಂಗ್ ಮಾಡಿಸಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಕೆಲವು ದಾರಿ ಮುಚ್ಚುತ್ತಾರೆ. ಅಷ್ಟು ದೂರದಿಂದ ಬಂದು ಬಾಗಿಲಲ್ಲಿ ಜಗಳ ಆಡುವುದಕ್ಕಿಂತ ಒಂದು ಫೋನ್ ಮಾಡುವುದು ಒಳ್ಳೆಯದು ಅಲ್ವಾ?

ಹೊತ್ತು ಎಷ್ಟು ಬೇಕು ಎಂದು ಲೆಕ್ಕ ಹಾಕಲು ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಹೇಳಿದ್ದು. ಐದು ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಹತ್ತುವ ಪ್ರತಿ 600 ಮೀಟರ್ ಎತ್ತರಕ್ಕೆ ಇನ್ನೊಂದು ಗಂಟೆ. ನಾಲ್ಕು ಕಿಲೋಮೀಟರ್ ದೂರ, 450 ಮೀಟರ್ ಏರು ಇದೆ ಅಂದುಕೊಳ್ಳಿ. 48 ನಿಮಿಷಕ್ಕೆ 45 ನಿಮಿಷ ಸೇರಿಸಿದರೆ ಸುಮಾರು ಒಂದೂವರೆ ಗಂಟೆ. ಅದು ಅವರ ಚಳಿ ದೇಶದ ಲೆಕ್ಕ. ನಮ್ಮ ಸೆಕೆಗೆ ನಾನು ಅದರ ಒಂದೂವರೆ ಪಟ್ಟು ಹಿಡಿಯುತ್ತೇನೆ. ಎರಡೂಕಾಲು ಗಂಟೆ ಆಯಿತು. ಜೊತೆಗೆ ಮಕ್ಕಳೋ ಅರವತ್ತು ದಾಟಿದವರೋ ಇದ್ದರೆ ಮೂರು ಗಂಟೆ ಇಟ್ಟುಕೊಳ್ಳಿ.

ಹಿಂದಿನ ಸಂಜೆ

ಬೂಟು ಹಳೆಯದಾಗಿರಲಿ, ಅಟ್ಟೆ ಸವೆದಿರದಿರಲಿ. ಹೊಸ ಬೂಟು ಹಾಕಿಕೊಂಡು ಗುಡ್ಡ ಹತ್ತಿದರೆ ಗುಳ್ಳೆ ಏಳುವುದು ಖಂಡಿತ. ಬೂಟಿನೊಳಗೆ ಬೆರಳ ತುದಿಗೆ ಒಂದು ಹೆಬ್ಬೆರಳಿನ ದಪ್ಪದಷ್ಟು ಜಾಗ ಉಳಿದಿರಬೇಕು, ಇಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ನಮ್ಮ ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡ 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲೇ ನಡೆದು ಪದ್ಮಶ್ರೀ ಪಡೆದದ್ದನ್ನು ನೀವೆಲ್ಲ ನೋಡಿರುತ್ತೀರಿ. ಅದು ಹುಟ್ಟಿದಾಗಿನಿಂದ ಮಣ್ಣು ತುಳಿದ ಪಾದ. ನಮ್ಮ ನಿಮ್ಮ ಪಾದಕ್ಕೆ ಬೂಟೇ ಬೇಕು.

ನೀರು ತಲೆಗೆ ಮೂರು ಲೀಟರ್. ಭಾರ ಅನ್ನಿಸುತ್ತದೆ. ಆದರೆ ಕಡಿಮೆಯಾಗುತ್ತಾ ಹೋಗುವ ಭಾರ ಅದೊಂದೇ. ಅದರಲ್ಲಿ ಒಂದು ಲೀಟರಿಗೆ ಓಆರ್‌ಎಸ್ ಪುಡಿ ಬೆರೆಸಿ. ಪುಡಿ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು. ಉಪ್ಪು ಅದಕ್ಕಿಂತ ಜಾಸ್ತಿ ಬೇಡ. ನಮ್ಮ ಮನೆಯಲ್ಲಿ ಇದಕ್ಕೆ ಎರಡು ಮುರುಗಲು (ಕೋಕಂ) ಸಿಪ್ಪೆ ನೆನೆಹಾಕಿ ಹಿಂಡುತ್ತೇವೆ. ಬಣ್ಣ ಕೆಂಪಗೆ ಇಳಿಯುತ್ತದೆ, ನಾಲಗೆಗೆ ಹುಳಿ ತಾಗುತ್ತದೆ, ಬಾಯಾರಿಕೆ ಇಲ್ಲದಿದ್ದರೂ ಕುಡಿಯಬೇಕು ಅನ್ನಿಸುತ್ತದೆ.

ತಿನ್ನಲು ಶೇಂಗಾ ಚಿಕ್ಕಿ, ಬಾಳೆಹಣ್ಣು, ಒಣ ಅವಲಕ್ಕಿ, ಹಿಂದಿನ ರಾತ್ರಿ ಕರಿದ ಬನ್ಸ್. ಮೊಸರನ್ನ ಬೇಡ, ಚೀಲದೊಳಗಿನ ಬಿಸಿಗೆ ಹುಳಿಯುತ್ತದೆ. ಉದ್ದ ತೋಳಿನ ತೆಳು ಅಂಗಿ, ಉದ್ದ ಪ್ಯಾಂಟು, ಒಂದು ಬೈರಾಸು (ಟವೆಲ್), ಟಾರ್ಚು, ಅಂಟುಪಟ್ಟಿ, ಚಿಕ್ಕ ಚಿಮುಟ. ಹತ್ತಿಯ ಜೀನ್ಸ್ ಬೆವರಿಗೆ ನೆನೆದು ತೊಡೆ ಉಜ್ಜುತ್ತದೆ, ಅದನ್ನು ಮನೆಯಲ್ಲೇ ಬಿಡಿ.

ಎಲ್ಲಿಗೆ ಹೋಗುತ್ತೀರಿ, ಎಷ್ಟೊತ್ತಿಗೆ ವಾಪಸ್ ಬರುತ್ತೀರಿ ಎಂದು ಕೆಳಗೆ ಉಳಿಯುವ ಒಬ್ಬರಿಗೆ ಹೇಳಿ ಹೋಗಿ. ಮೊಬೈಲ್ ಸಿಗ್ನಲ್ ಗುಡ್ಡದ ಸಮುದ್ರದ ಕಡೆಗೆ ಸಿಕ್ಕಿ ಹಿಂಬದಿಗೆ ತಿರುಗಿದೊಡನೆ ಹೋಗುವುದುಂಟು.

ಹೊರಡುವ ಹೊತ್ತು

ಡಿಸೆಂಬರ್‌ನಲ್ಲಿ ಕಾರವಾರದಲ್ಲಿ ಸೂರ್ಯ ಏಳುವುದು ಆರೂ ಮುಕ್ಕಾಲರ ನಂತರ. ಆರೂವರೆಗೆ ಗುಡ್ಡದ ಬುಡದಲ್ಲಿದ್ದರೆ ಸಾಕು, ದಾರಿ ಕಾಣುವಷ್ಟು ಬೆಳಕಿರುತ್ತದೆ. ಇನ್ನೊಂದು ಅನುಕೂಲ ಕೇಳಿ. ನೀವು ಹತ್ತುವುದು ಗುಡ್ಡದ ಸಮುದ್ರದ ಮಗ್ಗುಲಿನಿಂದ, ಸೂರ್ಯ ಏಳುವುದು ಗುಡ್ಡದ ಆಚೆ. ಬಹಳ ಹೊತ್ತಿನವರೆಗೆ ಗುಡ್ಡದ್ದೇ ನೆರಳು ನಿಮ್ಮ ಮೇಲಿರುತ್ತದೆ. ಒಂಬತ್ತರ ಮೇಲೆ ಈ ನೆರಳು ಸರಿಯುತ್ತಾ ಹೋಗುತ್ತದೆ. ಅಷ್ಟರೊಳಗೆ ಕಡಿದಾದ ಭಾಗ ಮುಗಿದಿರಬೇಕು. ಅಜ್ಜಿ ಹೇಳಿದ್ದರ ಗುಟ್ಟು ಇದೇ.

ಸೂರ್ಯಾಸ್ತ ನೋಡಲು ಸಂಜೆ ಹತ್ತುತ್ತೇವೆ ಎನ್ನುವವರಿದ್ದಾರೆ. ಡಿಸೆಂಬರ್‌ನಲ್ಲಿ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತದೆ, ಅರ್ಧ ಗಂಟೆಯಲ್ಲಿ ಕಾಡಿನೊಳಗೆ ಗವ್ವೆನ್ನುವ ಕತ್ತಲು. ಕಡಿದಾದ ಇಳಿಜಾರನ್ನು ಕತ್ತಲಲ್ಲಿ ಇಳಿಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಸೂರ್ಯಾಸ್ತಕ್ಕೆ ಕಡಲತೀರವೇ ಸಾಕು.

ಹತ್ತುವುದು

ಮೊದಲ ಇಪ್ಪತ್ತು ನಿಮಿಷ ಬೇಕೆಂದೇ ನಿಧಾನ ನಡೆಯಿರಿ. ಹುರುಪು ಇರುತ್ತದೆ, ಮುಂದೆ ಹೋದವರು ಕರೆಯುತ್ತಾರೆ, ಆದರೂ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಜಾಸ್ತಿ ಆಯಿತು ಎಂದೇ ಅರ್ಥ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನದವರನ್ನು ಮುಂದೆ ಬಿಡಿ. ಅವರನ್ನು ಹಿಂದೆ ಬಿಟ್ಟರೆ ಏನಾಗುತ್ತದೆ ನೋಡಿ: ಮುಂದಿನವರು ನಿಂತು ದಣಿವಾರಿಸಿಕೊಂಡು, ಇವರು ಬಂದು ಮುಟ್ಟಿದೊಡನೆ ಮತ್ತೆ ಹೊರಡುತ್ತಾರೆ. ದಣಿದವರಿಗೆ ಕೂರಲು ಹೊತ್ತೇ ಸಿಗುವುದಿಲ್ಲ.

ಕಡಿದಾದ ಏರು ಬಂದಾಗ ಹೆಜ್ಜೆ ಚಿಕ್ಕದು ಮಾಡಿ. ದೊಡ್ಡ ಕಲ್ಲಿನ ಮೇಲೆ ಒಂದೇ ಸಲಕ್ಕೆ ಕಾಲೆತ್ತಿ ಏರುವ ಬದಲು ಪಕ್ಕದ ಎರಡು ಚಿಕ್ಕ ಕಲ್ಲು ಹುಡುಕಿ. ಪಾದ ಪೂರ್ತಿ ಊರಿ. ಬೆರಳ ಮೇಲೆ ಮಾತ್ರ ನಿಂತರೆ ಮೀನಖಂಡ ಬೇಗ ಸೋಲುತ್ತದೆ. ದಾರಿ ನೇರ ಏರುವಲ್ಲಿ ಹಾವಿನಂತೆ ಆಚೆ ಈಚೆ ಓರೆಯಾಗಿ ಹತ್ತಿ. ಊರಿನವರು ಹತ್ತುವುದೂ ಹಾಗೆಯೇ. ಅವರ ಹಿಂದೆ ನಡೆದು ನೋಡಿದರೆ ಇನ್ನೊಂದು ಕಾಣುತ್ತದೆ. ಪ್ರತಿ ಹೆಜ್ಜೆಯಲ್ಲೂ ಹಿಂದಿನ ಕಾಲನ್ನು ಒಂದು ಕ್ಷಣ ನೆಟ್ಟಗೆ ಮಾಡುತ್ತಾರೆ. ಆಗ ಮೈಭಾರ ಮೂಳೆಯ ಮೇಲೆ ಬೀಳುತ್ತದೆ, ತೊಡೆಗೆ ಆ ಒಂದು ಕ್ಷಣ ಬಿಡುವು. ನೂರು ಹೆಜ್ಜೆಗೆ ನೂರು ಬಿಡುವು.

ಮರದ ಕೊಂಬೆ ಹಿಡಿದು ಏರುವ ಮೊದಲು ಅದು ಜೀವ ಇರುವ ಕೊಂಬೆಯೋ ಒಣಗಿದ್ದೋ ಎಂದು ಅಲ್ಲಾಡಿಸಿ ನೋಡಿ. ಕಾಣದ ಜಾಗಕ್ಕೆ ಕೈ ಹಾಕಬೇಡಿ. ಗುಳಿಮಂಡಲ ಹಾವುಗಳು ಎಲೆ ಕಲ್ಲುಗಳ ಬಣ್ಣದಲ್ಲೇ ಇರುತ್ತವೆ, ಹೆಜ್ಜೆ ಸಪ್ಪಳಕ್ಕೂ ಸರಿಯದೆ ಇದ್ದಲ್ಲೇ ಇರುತ್ತವೆ. ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕಾಲನ್ನು ಅಲ್ಲಾಡಿಸದಂತೆ ಕೋಲು ಕಟ್ಟಿ, ಅವರನ್ನು ನಡೆಸದೆ ಹೊತ್ತು ಇಳಿಸಿ. 108ಕ್ಕೆ ಕರೆ ಮಾಡಿ, ಜಿಲ್ಲಾ ಆಸ್ಪತ್ರೆ ಕಾರವಾರದಲ್ಲೇ ಇದೆ.

ಅರ್ಧ ಗಂಟೆಗೊಮ್ಮೆ ಐದು ನಿಮಿಷ ನಿಲ್ಲಿ, ನಾಲ್ಕೈದು ಗುಟುಕು ಕುಡಿಯಿರಿ. ಬಾಯಾರಿಕೆ ಆಗುವವರೆಗೆ ಕಾಯಬೇಡಿ. ಜೊತೆಯವರ ಮುಖ ನೋಡುತ್ತಾ ಇರಿ. ತಲೆನೋವು, ವಾಕರಿಕೆ, ಸ್ನಾಯು ಹಿಡಿತ ಶುರುವಾದರೆ ನೆರಳಲ್ಲಿ ಕೂರಿಸಿ, ಅಂಗಿ ಸಡಿಲಿಸಿ, ಒದ್ದೆ ಬೈರಾಸು ಕುತ್ತಿಗೆಗೆ ಹಾಕಿ ಗಾಳಿ ಬೀಸಿ, ಓಆರ್‌ಎಸ್ ಕುಡಿಸಿ. ಅರ್ಧ ಗಂಟೆಯಲ್ಲಿ ಸರಿಹೋಗದಿದ್ದರೆ ಇಳಿಯಿರಿ. ಮಾತು ತೊದಲಿದರೆ, ಏನೇನೋ ಹೇಳಲು ಶುರುಮಾಡಿದರೆ ಅದು ಬಿಸಿಲಾಘಾತ. ಕಾಯುವಂತಿಲ್ಲ. ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಸಹಾಯಕ್ಕೆ ಕರೆಯಿರಿ.

ಕಾಡಿನ ಚಿಕ್ಕ ಜೀವಗಳು

ಹೊರಗಿನಿಂದ ಬರುವವರು ಹುಲಿ, ಕರಡಿ ಎಂದು ಹೆದರುತ್ತಾರೆ. ನಾನು ಹೆದರುವುದು ಉಣುಗಿಗೆ, ಅಂದರೆ ದನಕರುಗಳ ಮೈಗೆ ಅಂಟುವ ಉಣ್ಣೆ ಹುಳಕ್ಕೆ. ಎಳ್ಳಿನಷ್ಟೂ ಇರುವುದಿಲ್ಲ, ಆದರೆ ಮಂಗನ ಕಾಯಿಲೆ ಹರಡುವುದು ಅದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಈ ರೋಗ ನಮ್ಮ ಜಿಲ್ಲೆಗೂ ಹೊಸದಲ್ಲ. 2024ರಲ್ಲಿ ಸಿದ್ದಾಪುರದ ಕಡೆ ಜೀವಗಳೇ ಹೋದವು. ಬೇಸರದ ವಿಷಯ ಏನೆಂದರೆ, ಈ ರೋಗದ ಕಾಲ ಸುಮಾರಾಗಿ ಡಿಸೆಂಬರ್‌ನಿಂದ ಮೇ. ಗುಡ್ಡ ಹತ್ತಲು ಒಳ್ಳೆಯದು ಎಂದು ನಾನು ಹೇಳಿದ ತಿಂಗಳುಗಳು ಬಹುಪಾಲು ಇದರೊಳಗೇ ಬರುತ್ತವೆ.

ಹಾಗಾಗಿ ಹೊರಡುವ ಮುಂಚೆ ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮಂಗ ಸತ್ತ ಸುದ್ದಿ ಇದ್ದರೆ ಆ ಕಾಡಿಗೆ ಹೋಗಬೇಡಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹಿಂತಿರುಗಿ, ಆರೋಗ್ಯ ಇಲಾಖೆಗೆ ತಿಳಿಸಿ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ. ರೋಗ ಇರುವ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಉಣುಗು ಓಡಿಸುವ ಎಣ್ಣೆ ಕೊಡುತ್ತಾರೆ, ಕೈಕಾಲಿಗೆ ಹಚ್ಚಿಕೊಳ್ಳಿ. ತರಗೆಲೆಯ ರಾಶಿಯ ಮೇಲೆ ಕೂರಬೇಡಿ, ಮಲಗಬೇಡಿ. ಬಂಡೆಯ ಮೇಲೆ ಕೂರಿ.

ಉಂಬಳದ (ಜಿಗಣೆ) ಕಾಟ ನವೆಂಬರ್ ಕಳೆದರೆ ಹೆಚ್ಚಿಲ್ಲ. ನೆರಳಿನ ಹಳ್ಳದ ಹತ್ತಿರ ಹಿಡಿದರೆ ಎಳೆಯಬೇಡಿ, ಬಾಯಿ ಅಂಟಿದ ಕಡೆ ಉಗುರು ಸರಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಹರಿಯುತ್ತದೆ, ಗಾಬರಿ ಬೇಡ.

ನಸುಗುನ್ನಿಯ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಡಿಸೆಂಬರ್, ಜನವರಿಯಲ್ಲಿ ಇದರ ಕಾಯಿ ಒಣಗಿ ಬಳ್ಳಿಯಲ್ಲಿ ಜೋತುಬಿದ್ದಿರುತ್ತದೆ. ಹುಣಸೆಕಾಯಿಯ ಹಾಗೆ ಬಾಗಿದ ಆಕಾರ, ಮೇಲೆ ಹೊನ್ನಿನ ಬಣ್ಣದ ಮಿರುಗುವ ರೋಮ. ಮಕ್ಕಳಿಗೆ ಮುಟ್ಟಬೇಕು ಅನ್ನಿಸುವಷ್ಟು ಚೆಂದ. ಮುಟ್ಟಿದರೆ ಮೈಯೆಲ್ಲ ಉರಿತುರಿಕೆ. ಗಾಳಿಗೆ ಹಾರಿಬಂದ ರೋಮವೂ ಸಾಕು. ತಗುಲಿದ ಜಾಗವನ್ನು ಉಜ್ಜಲೇಬೇಡಿ, ಉಜ್ಜಿದಷ್ಟೂ ಒಳಗೆ ಹೋಗುತ್ತದೆ. ಅಂಟುಪಟ್ಟಿ ಒತ್ತಿ ಎತ್ತಿ, ಹತ್ತು ಸಲ ಹೊಸ ತುಂಡು ಹಾಕಿ ಎತ್ತಿ. ಆಮೇಲೆ ನೀರು.

ನೆತ್ತಿಯಲ್ಲಿ

ಮರಗಳು ತೆಳುವಾಗಿ ಗಾಳಿಯ ವಾಸನೆ ಬದಲಾದಾಗ ನೆತ್ತಿ ಹತ್ತಿರವಾಯಿತು ಎಂದು ತಿಳಿಯಿರಿ. ಒದ್ದೆ ಎಲೆಯ ವಾಸನೆ ಹೋಗಿ ಉಪ್ಪುಗಾಳಿ ಮುಖಕ್ಕೆ ಹೊಡೆಯುತ್ತದೆ.

ಮೊದಲು ಬೆನ್ನ ಚೀಲ ಇಳಿಸಿ, ಒದ್ದೆ ಅಂಗಿಯ ಮೇಲೆ ಬೈರಾಸು ಹೊದ್ದುಕೊಳ್ಳಿ. ಆಮೇಲೆ ನೋಡಿ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಅದರಲ್ಲಿ ದೀಪಸ್ತಂಭ ಹೊತ್ತ ದೇವಗಡ ದ್ವೀಪ, ಆಮೆ ಬೆನ್ನಿನ ಕೂರ್ಮಗಡ ದ್ವೀಪ. ಕೂರ್ಮಗಡದಲ್ಲಿ ಜನವರಿ ಹೊತ್ತಿಗೆ ನರಸಿಂಹ ದೇವರ ಜಾತ್ರೆ ಆಗುತ್ತದೆ, ದೋಣಿಗಳ ಸಾಲೇ ಹೋಗುತ್ತದೆ. ಉತ್ತರಕ್ಕೆ ಕಾಳಿ ನದಿ. ಜೋಯಿಡಾದ ಕಾಡಿನಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿದು, ಅಣೆಕಟ್ಟುಗಳನ್ನು ದಾಟಿ ಬಂದ ನದಿ ಇಲ್ಲಿ ಸಮುದ್ರಕ್ಕೆ ಸೇರುತ್ತದೆ. ನದಿಯ ಮಣ್ಣಿನ ಬಣ್ಣ, ಕಡಲಿನ ನೀಲಿ ಎರಡೂ ಸೇರುವ ಗೆರೆ ಮೇಲಿನಿಂದಲೇ ಕಾಣಬೇಕು. ಆಚೆ ದಡದಲ್ಲಿ ಸದಾಶಿವಗಡ. 2024ರ ಆಗಸ್ಟ್ 7ರ ನಡುರಾತ್ರಿ ಹೆದ್ದಾರಿಯ ಹಳೆ ಸೇತುವೆ ಕುಸಿದು ಲಾರಿಯೊಂದು ಬಿದ್ದದ್ದು ಈ ನದಿಗೇ. 22 ವರ್ಷದ ರವೀಂದ್ರನಾಥ ಟಾಗೋರರು 1883ರಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಾಗ ದೋಣಿಯಲ್ಲಿ ಹೋದದ್ದೂ ಇದೇ ಕಾಳಿಯಲ್ಲಿ. ಪೂರ್ವಕ್ಕೆ ತಿರುಗಿ ನೋಡುವುದನ್ನು ಮರೆಯಬೇಡಿ. ಅಲೆಯ ಹಿಂದೆ ಅಲೆ ಎದ್ದ ಹಾಗೆ ಸಹ್ಯಾದ್ರಿ. ನನಗೆ ಸಮುದ್ರಕ್ಕಿಂತ ಆ ದಿಕ್ಕೇ ಇಷ್ಟ.

ದಕ್ಷಿಣದ ಕಡೆ ನೌಕಾನೆಲೆ ಇದೆ. ಅದರ ಫೋಟೊ, ವಿಡಿಯೊ ಬೇಡ. ಡ್ರೋನ್ ಅಂತೂ ಚೀಲದಲ್ಲಿ ಇಟ್ಟುಕೊಂಡು ಸಹ ತರಬೇಡಿ, ಇಲ್ಲಿ ಅದು ದೊಡ್ಡ ತಪ್ಪಾಗುತ್ತದೆ.

ಊರೊಳಗೆ ಹೋಗುವಾಗ ಬೇಲಿಯ ದಣಪೆ (ಅಡ್ಡಗಳುಗಳ ಬಾಗಿಲು) ಸರಿಸಿ ಒಳಗೆ ಹೋದರೆ ಗಳುಗಳನ್ನು ಮೊದಲಿದ್ದ ಹಾಗೇ ಒಂದೊಂದಾಗಿ ಮತ್ತೆ ತೂರಿಸಿ. ಒಂದು ಗಳು ಬಿಟ್ಟರೂ ದನ ಗದ್ದೆಗೆ ನುಗ್ಗುತ್ತದೆ, ಆರು ತಿಂಗಳ ದುಡಿಮೆ ಹೋಗುತ್ತದೆ. ನವೆಂಬರ್‌ನಲ್ಲಿ ಕೊಯ್ಲಿನ ಹೊತ್ತು, ಅಂಗಳದಲ್ಲಿ ಭತ್ತ ಹರವಿರುತ್ತಾರೆ, ತುಳಿಯಬೇಡಿ. ಕೊರಳ ಮಣಿಸರ, ಸೀರೆ ಉಟ್ಟ ರೀತಿ ನೋಡಿ ಹೆಂಗಸರ ಮುಖಕ್ಕೆ ಮೊಬೈಲ್ ಹಿಡಿಯುವುದು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಮೊದಲು ಮಾತಾಡಿಸಿ. ಕೇಳಿ. ಬೇಡ ಅಂದರೆ ಬಿಡಿ. ಕುಡಿಯಲು ನೀರು ಕೊಟ್ಟರೆ ಎಷ್ಟು ಬೇಕೋ ಅಷ್ಟೇ ತೆಗೆದುಕೊಳ್ಳಿ, ಗುಡ್ಡದ ಮೇಲೆ ನೀರಿಗೆ ಬೆಲೆ ಜಾಸ್ತಿ. ಬೆಳೆದ ಸೌತೆಯೋ ಗೆಣಸೋ ಮಾರಲು ಇಟ್ಟಿದ್ದರೆ ಕೊಂಡುಕೊಳ್ಳಿ. ತಂದ ಪ್ಲಾಸ್ಟಿಕ್ ಎಲ್ಲವೂ ನಿಮ್ಮ ಬೆನ್ನ ಚೀಲದಲ್ಲೇ ವಾಪಸ್ ಬರಲಿ. ಬಾಳೆಹಣ್ಣಿನ ಸಿಪ್ಪೆಯೂ ಸಹ, ಮಂಗಗಳಿಗೆ ಅಭ್ಯಾಸ ಹಚ್ಚುವುದು ಬೇಡ.

ಇಳಿಯುವುದು

ಬೀಳುವವರು ಹೆಚ್ಚಾಗಿ ಬೀಳುವುದು ಇಳಿಯುವಾಗಲೇ. ಕಾಲು ದಣಿದಿರುತ್ತದೆ, ಮನಸ್ಸು ಮನೆಯ ಊಟದ ಕಡೆ ಹೋಗಿರುತ್ತದೆ. ಹನ್ನೊಂದಕ್ಕೆ ಮೊದಲು ಇಳಿಯಲು ಶುರುಮಾಡಿ.

ಹೊರಡುವ ಮೊದಲು ಕೂತು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿ. ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಹಿಡಿದು, ಕಾಲಗಂಟಿನ ಹತ್ತಿರದ ಕೊನೆಯ ಎರಡು ತೂತುಗಳಲ್ಲಿ ಬಿಗಿಯಾಗಿ ಎಳೆಯಿರಿ. ಬೆರಳ ಕಡೆ ಸಡಿಲವೇ ಇರಲಿ. ಪಾದ ಮುಂದಕ್ಕೆ ಜಾರದಿದ್ದರೆ ಉಗುರು ಉಳಿಯುತ್ತದೆ.

ನಮ್ಮ ಗುಡ್ಡಗಳಲ್ಲಿ ಮೋಸ ಮಾಡುವುದು ಚಿರೆಕಲ್ಲಿನ ಹರಳು. ಗಟ್ಟಿ ನೆಲದ ಮೇಲೆ ಕಡಲೆಕಾಳಿನ ಗಾತ್ರದ ದುಂಡು ಹರಳು ಹರಡಿರುತ್ತದೆ, ಮೇಲೆ ಒಣ ಎಲೆ ಮುಚ್ಚಿರುತ್ತದೆ. ಹಿಮ್ಮಡಿ ಊರಿದರೆ ಹರಳು ಉರುಳುತ್ತದೆ, ನೀವು ಬೆನ್ನ ಮೇಲೆ ಬೀಳುತ್ತೀರಿ. ಇಂಥ ಕಡೆ ಮೈಯನ್ನು ಓರೆ ತಿರುಗಿಸಿ, ಪಾದವನ್ನು ದಾರಿಗೆ ಅಡ್ಡವಾಗಿ ಇಡಿ. ಆ ಅಜ್ಜಿ ಇಳಿಯುತ್ತಿದ್ದದ್ದು ಹೀಗೆಯೇ. ತಲೆಯ ಮೇಲೆ ಬುಟ್ಟಿ ಇದ್ದರೂ ಕುತ್ತಿಗೆ ಅಲ್ಲಾಡದೆ, ಒಮ್ಮೆ ಎಡಮಗ್ಗುಲು ಒಮ್ಮೆ ಬಲಮಗ್ಗುಲು, ಮೊಣಕಾಲು ಸದಾ ಸ್ವಲ್ಪ ಬಾಗಿಯೇ. ಹಿಂದಕ್ಕೆ ವಾಲಬೇಡಿ, ಹೆದರಿಕೆಗೆ ಮೈ ತಾನಾಗಿಯೇ ಹಿಂದಕ್ಕೆ ಹೋಗುತ್ತದೆ. ಮೂಗು ಪಾದದ ಮೇಲೆ ಬರುವ ಹಾಗೆ ಮುಂದಕ್ಕೆ ಬಾಗಿದರೆ ಹಿಡಿತ ಸಿಗುತ್ತದೆ.

ಕೈಗೊಂದು ಕೋಲು ಇರಲಿ. ಅದಕ್ಕಾಗಿ ಹಸಿ ಗಿಡ ಕಡಿಯಬೇಡಿ, ಬಿದ್ದ ಬಿದಿರೋ ಗಳುವೋ ಸಿಗುತ್ತದೆ. ಎದೆಯುದ್ದ ಇರಬೇಕು. ಮೊದಲು ಕೋಲು ಊರಿ, ಆಮೇಲೆ ಕಾಲು. ಹಿಂದೆ ಮುಂದೆ ನಡೆಯುವವರ ನಡುವೆ ನಾಲ್ಕು ಮಾರು ಅಂತರ ಬಿಡಿ. ಕಲ್ಲು ಜಾರಿದರೆ ಕೂಗಿ ಹೇಳಿ.

ಮನೆಗೆ ಬಂದ ಮೇಲೆ

ಬಟ್ಟೆಯನ್ನು ಒಳಗೆ ತರಬೇಡಿ. ಹಿತ್ತಿಲಲ್ಲೇ ಕಳಚಿ ಬಿಸಿನೀರಿಗೆ ಹಾಕಿ. ಸೋಪು ಹಚ್ಚಿ ಸ್ನಾನ ಮಾಡುವಾಗ ಕಿವಿಯ ಹಿಂದೆ, ಕಂಕುಳು, ಸೊಂಟದ ದಾರದ ಹತ್ತಿರ, ಮೊಣಕಾಲಿನ ಹಿಂಬದಿ ಬೆರಳಲ್ಲಿ ತಡವಿ ನೋಡಿ. ಮಕ್ಕಳ ತಲೆಗೂದಲು ಬಿಡಿಸಿ ನೋಡಿ. ಉಣುಗು ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರಕ್ಕೆ ನಿಧಾನವಾಗಿ ಎಳೆಯಿರಿ. ಬೆಂಕಿ ತಾಗಿಸುವುದು, ಸೀಮೆಎಣ್ಣೆ ಹಚ್ಚುವುದು ಬೇಡ. ಬರಿಗೈಯಲ್ಲಿ ಹಿಸುಕಬೇಡಿ.

ಹೋದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮುಂದಿನ ಎರಡು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಸೊಂಟ ಕೈಕಾಲು ನೋವು ಬಂದರೆ ಮಾತ್ರೆ ನುಂಗಿ ಸುಮ್ನೆ ಮಲಗಬೇಡಿ. ವೈದ್ಯರ ಹತ್ತಿರ ಹೋಗಿ. ಅವರು ಕೇಳುವ ಮೊದಲೇ ಹೇಳಿ: ‘ಇಂಥ ದಿನ ಗುಡ್ಡಳ್ಳಿ ಕಾಡಿಗೆ ಹೋಗಿದ್ದೆ.’